ಗೋಡೆ ತೊಳೆದವನು

ನಮ್ಮೂರಿನಲ್ಲಿ ನಡುಮನೆಯ ಗೋಡೆಗೆ ಯಾರೂ ಸುಣ್ಣ ಹೊಡೆಸುವುದಿಲ್ಲ. ಹೊರಗೋಡೆಗೆ ಬೇಕಾದರೆ ಹಬ್ಬಕ್ಕೊಂದು ಬಣ್ಣ ಬಳಿಯುತ್ತಾರೆ, ನಡುಮನೆಗೆ ಮಾತ್ರ ಇಲ್ಲ. ಸತ್ತವರು ಅಲ್ಲಿ ಬರೆಯುತ್ತಾರೆ. ಒಬ್ಬೊಬ್ಬರದು ಒಂದೊಂದೇ ಸಾಲು. ಕಾಡಿಗೆ ಬಣ್ಣದ ಅಕ್ಷರ, ಅವರವರದೇ ಕೈಬರಹ. ಓದು ಬರಹ ಬಾರದೆ ಸತ್ತವರದೂ ಬರುತ್ತದೆ, ಸ್ವಲ್ಪ ಸೊಟ್ಟಗಿರುತ್ತದೆ ಅಷ್ಟೆ. ಕೆಲವರು ಹನ್ನೊಂದನೆಯ ದಿನಕ್ಕೇ ಬರೆದು ಮುಗಿಸುತ್ತಾರೆ, ಕೆಲವರು ವರ್ಷಗಟ್ಟಲೆ ಕಾಯಿಸುತ್ತಾರೆ, ವಾರಕ್ಕೊಂದು ಪದದಂತೆ ಎಳೆಯುವವರೂ ಇದ್ದಾರೆ. ಏನೋ ದೊಡ್ಡ ದೊಡ್ಡ ಮಾತು ಬರೆಯುತ್ತಾರೆಂದು ತಿಳಿಯಬೇಡಿ. ನನ್ನ ಅಜ್ಜಿ ಬರೆದದ್ದು ‘ಸಾರಿಗೆ ಉಪ್ಪು ಕಮ್ಮಿ ಹಾಕ್ತಾಳೆ’ ಎಂದು. ಅಮ್ಮ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿ ಮೂವತ್ತು ವರ್ಷ ಸಂಸಾರ ಮಾಡಿದಳು. ಆದರೆ ವರ್ಷಕ್ಕೊಮ್ಮೆ ಕ್ಯಾಲೆಂಡರ್ ಬದಲಿಸುವ ದಿನ ಒಂದು ಗಳಿಗೆ ನಿಂತು ಅದನ್ನು ಓದುತ್ತಿದ್ದಳು, ಓದಿ ಸೆರಗಿನಿಂದ ಸುತ್ತಲಿನ ಧೂಳು ಒರೆಸುತ್ತಿದ್ದಳು.

ಆ ಅಕ್ಷರಕ್ಕೆ ನೀರು ಆಗದು. ಒಂದು ಚೊಂಬು ಬಿದ್ದರೂ ಕರಗಿ ಇಳಿದುಹೋಗುತ್ತದೆ, ಮತ್ತೆ ಬರುವುದಿಲ್ಲ. ಹಾಗಾಗಿ ನಮ್ಮವರು ಬಚ್ಚಲನ್ನು ಮನೆಯಿಂದ ಇಪ್ಪತ್ತು ಹೆಜ್ಜೆ ದೂರ ಕಟ್ಟುತ್ತಾರೆ. ಮಳೆಗಾಲಕ್ಕೆ ಮುಂಚೆ ಎಲ್ಲಕ್ಕಿಂತ ಮೊದಲು ನಡುಮನೆಯ ಮೇಲಿನ ಹೆಂಚು ಕೈಯಾಡಿಸುತ್ತಾರೆ. ಒದ್ದೆ ಕೂದಲು ಬಿಟ್ಟುಕೊಂಡು ಒಳಗೆ ಬಂದ ಸೊಸೆಯಂದಿರು ಬೈಗುಳ ತಿನ್ನುತ್ತಾರೆ. ಹೀಗೆ ಎಲ್ಲದಕ್ಕೂ ಒಗ್ಗಿಕೊಂಡಿದ್ದೇವೆ, ಬೆಂಕಿಗೆ ಮಾತ್ರ ಒಗ್ಗಿಕೊಳ್ಳಲು ಆಗಿರಲಿಲ್ಲ.

ಇಂಥ ಊರಿನ ಫೈರ್ ಸ್ಟೇಷನ್ನಿನಲ್ಲಿ ಇಪ್ಪತ್ತೆರಡು ವರ್ಷ ಪೈಪು ಹಿಡಿದವನು ನಾನು. ಹೆಸರು ಓಬಳೇಶ. ಜನ ಎದುರಿಗೆ ಓಬಣ್ಣ ಎನ್ನುತ್ತಾರೆ, ಬೆನ್ನ ಹಿಂದೆ ನಮ್ಮನ್ನೆಲ್ಲ ಸೇರಿಸಿ ‘ಗೋಡೆ ತೊಳೆಯೋರು’ ಎನ್ನುತ್ತಾರೆ. ಮನೆಗೆ ಬೆಂಕಿ ಬಿದ್ದರೆ ಮೊದಲು ಮಣ್ಣು ಎರಚುತ್ತಾರೆ, ಕಂಬಳಿ ಹೊದಿಸುತ್ತಾರೆ, ಅರ್ಧ ಮನೆ ಸುಟ್ಟ ಮೇಲೆ ನಮಗೆ ಹೇಳಿ ಕಳಿಸುತ್ತಾರೆ. ನಾವು ಗಂಟೆ ಬಾರಿಸಿಕೊಂಡು ಹೋದರೆ ಮನೆಯ ಯಜಮಾನನೇ ಬಾಗಿಲಿಗೆ ಅಡ್ಡ ಕೈ ಚಾಚಿ, ‘ನಡುಮನೆ ಕಡೆ ಬಿಡ್ಬ್ಯಾಡ್ರಪ್ಪೋ, ನಮ್ಮಪ್ಪನ್ ಸಾಲೈತೆ’ ಎಂದು ಬಾಯಿ ಬಡಿದುಕೊಳ್ಳುತ್ತಿದ್ದ. ಏನು ಮಾಡುವುದು? ಅವನನ್ನು ಎಳೆದು ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕಿನ ನೀರೆಲ್ಲ ಒಳಗೆ ಹೊಡೆಯುತ್ತಿದ್ದೆವು. ಬೆಂಕಿ ಆರುತ್ತಿತ್ತು. ಹೊಸ್ತಿಲು ದಾಟಿ ಕಪ್ಪು ನೀರು ಹರಿದು ಬರುತ್ತಿತ್ತು. ಹೆಂಗಸರು ಆ ನೀರನ್ನು ಬೆರಳಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಆಗ ನಮ್ಮ ಮುಖ ಯಾರೂ ನೋಡುತ್ತಿರಲಿಲ್ಲ.

ನನ್ನ ಜೋಡಿ ತಿಪ್ಪೇಸ್ವಾಮಿ, ನಮ್ಮ ಬಾಯಲ್ಲಿ ತಿಪ್ಪೇಶಿ. ನನಗಿಂತ ಎರಡು ವರ್ಷ ಚಿಕ್ಕವನು, ಕೆಲಸಕ್ಕೆ ಸೇರಿದ ದಿನದಿಂದ ಇಬ್ಬರೂ ಒಂದೇ ಪೈಪಿಗೆ. ಗೋಡೆ ತೊಳೆಯೋರು ಎನ್ನಿಸಿಕೊಳ್ಳುವುದು ನನಗೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ ಮಾತು, ಅವನಿಗೆ ಚುಚ್ಚುತ್ತಿತ್ತು. ಅದಕ್ಕೇ ಒಂದು ಪದ್ಧತಿ ಹಾಕಿಕೊಟ್ಟ. ನೀರು ಬಿಡುವ ಮುಂಚೆ ಅವನು ಒಳಗೆ ನುಗ್ಗಿ ಗೋಡೆಯ ಮೇಲಿದ್ದ ಸಾಲುಗಳನ್ನು ಗಟ್ಟಿಯಾಗಿ ಓದಬೇಕು. ನಾನು ಹಿಂದಿನಿಂದ ಅವನ ಬೆಲ್ಟು ಹಿಡಿದು, ಕೇಳಿದ ಸಾಲನ್ನು ತಿರುಗಿ ಹೇಳಿ ನೆನಪಿಟ್ಟುಕೊಳ್ಳಬೇಕು. ಬೆಂಕಿ ಆರಿದ ಮೇಲೆ ಮನೆಯವರನ್ನು ಕಟ್ಟೆಯ ಮೇಲೆ ಕೂರಿಸಿ ಅಷ್ಟನ್ನೂ ಒಪ್ಪಿಸುತ್ತಿದ್ದೆವು. ‘ಅಕ್ಷರ ಹೋದ್ರೂ ಮಾತು ಉಳೀತಲ್ಲ ಓಬಣ್ಣ’ ಎನ್ನುತ್ತಿದ್ದ. ಬೆಲ್ಟು ಹಿಡಿದವನಿಗೆ ಇದ್ದದ್ದು ಒಂದೇ ಕಟ್ಟಳೆ: ಮುಂದಿನವನು ‘ನಡಿ’ ಎನ್ನುವ ತನಕ ಕೈ ಬಿಡಕೂಡದು.

ನಾನು ಬಿಟ್ಟೆ. ಸುತ್ತಿ ಬಳಸಿ ಹೇಳುವುದರಲ್ಲಿ ಏನೂ ಇಲ್ಲ, ನಾನೇ ಬಿಟ್ಟೆ. ಹಾಸಿಗೆ ಹೊಲಿಯುವವರ ಮನೆ, ಮಟಮಟ ಮಧ್ಯಾಹ್ನ, ಹತ್ತಿಯ ಮೂಟೆಗಳಿಗೆ ಬೆಂಕಿ. ಒಳಗೆ ಹೋದೆವು. ತಿಪ್ಪೇಶಿ ಮೊದಲ ಸಾಲು ಓದಿದ, ನಾನು ತಿರುಗಿ ಹೇಳಿದೆ. ಎರಡನೆಯ ಸಾಲಿಗೆ ಬಾಯಿ ತೆಗೆದ, ಅಷ್ಟರಲ್ಲಿ ನಮ್ಮ ತಲೆಯ ಮೇಲೆ ಸೂರಿಗುಂಟ ಬೆಂಕಿ ಭಗ್ಗನೆ ಉರುಳಿತು. ಬೆರಳು ತಾನಾಗಿ ಬಿಚ್ಚಿಕೊಂಡಿತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಬೆರಳು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಹೊರಗೆ ಓಡಿ ಬಂದೆ. ಹಿಂದಿನಿಂದ ‘ಓಬಣ್ಣಾ’ ಎಂದು ಒಂದು ಸಲ ಕೂಗು ಕೇಳಿಸಿತು. ಮಾಡು ಕುಸಿಯಿತು.

‘ಏನಾಯ್ತು?’ ಎಂದು ಡ್ರೈವರ್ ಮಲ್ಲೇಶಿ ಕೇಳಿದಾಗ ನನ್ನ ಬಾಯಲ್ಲಿ ಒಂದು ಮಾತು ಸಿದ್ಧವಾಗಿಯೇ ಕೂತಿತ್ತು. ‘ನಿಲ್ಲು ನಿಲ್ಲು ಅಂದೆ, ಬೆಲ್ಟ್ ಬಿಡಿಸ್ಕಂಡು ಮುಂದಕ್ಕೋದ’ ಎಂದೆ. ಆ ಮಾತು ಹಾಗೇ ವರದಿಗೆ ಹೋಯಿತು. ಊರು ಅದನ್ನೇ ಆಡಿಕೊಂಡಿತು. ಓದೋ ಹುಚ್ಚಿಗೆ ಪ್ರಾಣ ಬಿಟ್ಟ ಎಂದರು. ಅವನ ಹೆಂಡತಿ ಹೊನ್ನೂರಮ್ಮ ಹೆಣದ ಮುಂದೆ ಕೂತು ಗಂಡನನ್ನೇ ಬೈದಳು. ‘ಯಾರ್ದೋ ಗೋಡೆ ಓದಕ್ಕೋಗಿ ನನ್ ಮನೆ ಖಾಲಿ ಮಾಡ್ದಲ್ಲೋ’ ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, ‘ನೀನಾದ್ರೂ ಹಿಡ್ಕಂಡಿದ್ಯಲ್ಲಣ್ಣಾ, ಅವ್ನೇ ಬಿಡಿಸ್ಕಂಡ, ನೀನೇನ್ ಮಾಡ್ತೀಯ’ ಎಂದಳು. ನಾನು ತಲೆ ಆಡಿಸಿದೆ. ಥೂ, ಈ ತಲೆ ಆಡಿಸಿದ್ದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಅವನು ಸತ್ತ ಐದನೆಯ ತಿಂಗಳಿಗೆ ನಮ್ಮ ಸ್ಟೇಷನ್ನಿಗೆ ಹೊಸ ಗಾಡಿ ಬಂತು, ಜೊತೆಯಲ್ಲಿ ನಸೀಮಾ ಮೇಡಂ ಎಂಬ ಆಫೀಸರು ಬಂದರು. ಮೂವತ್ತೈದರ ಆಸುಪಾಸು, ತೆಳ್ಳಗೆ, ಮಾತು ಕಮ್ಮಿ. ಗಾಡಿ ನೋಡಿದರೆ ನಗು ಬರುವಂತಿತ್ತು. ಹಾಲಿನ ವ್ಯಾನಿನಷ್ಟು ಗಾತ್ರ, ಅದರೊಳಗೆ ನಮ್ಮ ಮನೆಯ ತೊಟ್ಟಿಯಷ್ಟು ನೀರು, ಹೆಬ್ಬೆರಳು ದಪ್ಪದ ಪೈಪು, ಅದರ ತುದಿಗೆ ಉದ್ದ ಮೂತಿಯ ಒಂದು ಗನ್ನು. ‘ಇದ್ರಲ್ಲಿ ಬೆಂಕಿ ಆರಿಸೋದಾ ಮೇಡಂ, ಇಲ್ಲಾ ತುಳಸಿ ಗಿಡಕ್ಕೆ ನೀರು ಹಾಕೋದಾ?’ ಎಂದು ಮಲ್ಲೇಶಿ ಕೇಳಿಯೇಬಿಟ್ಟ. ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. ಹಿತ್ತಲಲ್ಲಿದ್ದ ಹಳೇ ಶೆಡ್ಡಿನ ಗೋಡೆಯ ಮೇಲೆ ಕಾಡಿಗೆಯಲ್ಲಿ ತಮ್ಮ ಹೆಸರು ಬರೆದರು, ಒಳಗೆ ಹುಲ್ಲು ಕಟ್ಟಿಗೆ ಒಟ್ಟಿಸಿ ಬೆಂಕಿ ಹಚ್ಚಿಸಿದರು. ಚೆನ್ನಾಗಿ ಹೊತ್ತಿಕೊಂಡ ಮೇಲೆ ಬಾಗಿಲ ಹೊರಗೇ ನಿಂತು ಗನ್ನು ಒತ್ತಿದರು. ಸುಯ್ ಎಂದಿತು. ನೀರು ಕಾಣಲೇ ಇಲ್ಲ. ಬೆಳ್ಳಗೆ ಮಂಜು ತುಂಬಿಕೊಂಡಿತು, ಅದರೊಳಗೆ ಬೆಂಕಿ ತಣ್ಣಗೆ ಕೂತುಬಿಟ್ಟಿತು.

‘ನೀರನ್ನ ನೂರು ಪಟ್ಟು ಒತ್ತಡದಲ್ಲಿ ಸಣ್ಣ ತೂತಿಂದ ಬಿಟ್ರೆ ಹಿಟ್ಟಿಗಿಂತ ನುಣ್ಣಗಾಗುತ್ತೆ’ ಎಂದು ಅವರು ವಿವರಿಸಿದರು. ‘ಅಷ್ಟು ಸಣ್ಣ ಹನಿ ಬೆಂಕಿಗೆ ಸಿಕ್ಕಿದ ತಕ್ಷಣ ಆವಿ ಆಗುತ್ತೆ. ಆಗೋವಾಗ ಕಾವೆಲ್ಲ ಎಳ್ಕೊಳ್ಳುತ್ತೆ, ಬೆಂಕಿ ಹತ್ರ ಗಾಳೀನೂ ಸುಳಿಯೋಕೆ ಬಿಡಲ್ಲ. ಎಣ್ಣೆ ಬೆಂಕಿಗೂ ಆಗುತ್ತೆ. ಹತ್ತಿರ ಹೋಗೋದು ಬೇಡ, ಒಳಗೆ ನುಗ್ಗೋದು ಬೇಡ. ತಲೆ ಮೇಲೆ ಉರುಳಿ ಬರೋ ಬೆಂಕಿ ಇರುತ್ತಲ್ಲ, ಅದನ್ನ ಹೊರಗೇ ನಿಂತು ತಣ್ಣಗೆ ಮಾಡಬಹುದು.’ ನಾವೆಲ್ಲ ಶೆಡ್ಡಿನೊಳಗೆ ಹೋಗಿ ನೋಡಿದೆವು. ಗೋಡೆ ಸ್ವಲ್ಪ ಬೆವರಿದಂತಿತ್ತು. ಮೇಡಂ ಹೆಸರು ಒಂದು ಅಕ್ಷರವೂ ಹರಡದೆ ನಿಂತಿತ್ತು. ಮಲ್ಲೇಶಿ ಅಂಥ ಒರಟ, ಅವನೂ ಕಣ್ಣೊರೆಸಿಕೊಂಡ. ‘ಇದು ಆವತ್ತೇ ಇದ್ದಿದ್ರೆ ತಿಪ್ಪೇಶಿ ಒಳಗೋಗಿ ಓದೋದೇ ಬೇಕಿರ್ಲಿಲ್ಲ’ ಎಂದ. ‘ಹೌದು, ಅವರ ವರದಿ ಓದೇ ನಾನು ಇದನ್ನ ಈ ಊರಿಗೆ ಕೇಳಿ ತಂದಿದ್ದು’ ಎಂದರು ಮೇಡಂ. ಅವರು ಓದಿದ್ದು ನನ್ನ ಸುಳ್ಳು. ನಾನು ಬೂಟಿನ ದಾರ ಕಟ್ಟಿಕೊಳ್ಳುವವನಂತೆ ಬಗ್ಗಿದೆ.

ಮೂರು ತಿಂಗಳಲ್ಲಿ ನಾಲ್ಕು ಮನೆ ಉಳಿಸಿದೆವು. ಉಳಿಸಿದೆವು ಎಂದರೆ ಪೂರ್ತಿ ಉಳಿಸಿದ್ದು, ಗೋಡೆ ಸಮೇತ. ಹಿಟ್ಟಿನ ಗಿರಣಿಯ ರುದ್ರಪ್ಪ ಒಂದು ಕೊಳದಪ್ಪಲೆ ಪಾಯಸ ಮಾಡಿಸಿ ಸ್ಟೇಷನ್ನಿಗೆ ಹೊತ್ತು ತಂದ. ಅವನ ಅಪ್ಪ ಬರೆದಿದ್ದ ಸಾಲು ‘ಆ ಕಡೆ ಬಾಗಿಲ ಚಿಲಕ ಸರಿ ಮಾಡಿಸು’ ಎಂದು. ಹನ್ನೆರಡು ವರ್ಷವಾದರೂ ಅವನು ಚಿಲಕ ಸರಿ ಮಾಡಿಸಿರಲಿಲ್ಲ. ಸಾಲು ಉಳಿದದ್ದಕ್ಕೆ ಮಾತ್ರ ಗಳಗಳ ಅತ್ತ. ಗೋಡೆ ತೊಳೆಯೋರು ಎನ್ನುವ ಮಾತು ಊರಲ್ಲಿ ನಿಂತೇಹೋಯಿತು.

ಹೊನ್ನೂರಮ್ಮನ ನಡುಮನೆಗೆ ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಅವಳಿಗೆ ನೆರವಾಗಲು ಎಂದು ಊರು ತಿಳಿದಿತ್ತು. ನಾನು ಹೋಗುತ್ತಿದ್ದದ್ದು ಗೋಡೆ ನೋಡಲು. ಮಕ್ಕಳಿಲ್ಲದ ಮನೆ, ಅವಳೊಬ್ಬಳೇ. ಒಂದು ಮಣೆ ಹಾಕಿಕೊಂಡು ಆ ಖಾಲಿ ಗೋಡೆಯ ಎದುರು ಕೂತು ಅವರೆಕಾಯಿ ಬಿಡಿಸುತ್ತಲೋ ಬಟ್ಟೆ ಹೊಲಿಯುತ್ತಲೋ ಇರುತ್ತಿದ್ದಳು. ‘ಬದುಕಿದ್ದಾಗ್ಲೂ ಹಿಂಗೇ, ಕೇಳಿದ್ದಕ್ಕೆ ಉತ್ರ ಕೊಡೋಕೆ ಒಂದ್ ದಿನ ತಗೋತಿದ್ದ’ ಎಂದು ನಗುತ್ತಿದ್ದಳು. ಖಾಲಿ ಗೋಡೆ ನೋಡಿ ಅವಳಿಗೆ ಸಂಕಟ, ನನಗೆ ಸಮಾಧಾನ. ಅವಳು ಕೊಟ್ಟ ಮಜ್ಜಿಗೆ ಕುಡಿದು, ಅವನು ಏನೂ ಬರೆಯದಿರಲಪ್ಪಾ ದೇವರೇ ಎಂದು ಬೇಡಿಕೊಂಡು ಬರುತ್ತಿದ್ದೆ.

ಎಂಟು ತಿಂಗಳು ತುಂಬಿದ ವಾರ ಅವಳು ಬಾಗಿಲಲ್ಲೇ ನನ್ನನ್ನು ಹಿಡಿದು ಒಳಗೆ ಎಳೆದುಕೊಂಡು ಹೋದಳು. ಗೋಡೆಯ ನಡುಮಧ್ಯೆ ಒಂದು ಪದ ಬಂದಿತ್ತು. ‘ಓಬಣ್ಣ.’ ತಿಪ್ಪೇಶಿಯದೇ ಕೈ, ಗುಂಡು ಗುಂಡು ಅಕ್ಷರ. ‘ನೋಡಣ್ಣಾ, ಹೆಂಡ್ತಿ ಹೆಸ್ರಲ್ಲ, ನಿನ್ ಹೆಸ್ರು ಮೊದ್ಲು! ಜೋಡಿ ಅಂದ್ರೆ ಹಿಂಗಿರ್ಬೇಕು’ ಎಂದು ಅವಳು ಹುಸಿಕೋಪ ಮಾಡಿದಳು. ನಕ್ಕೆ ಎಂದುಕೊಂಡೆ, ಹೇಗಿತ್ತೋ ಆ ನಗು. ಮುಂದಿನ ವಾರ ಎರಡನೆಯ ಪದ ಬಂತು. ‘ಅವತ್ತು.’

ಓಬಣ್ಣ ಅವತ್ತು. ಇನ್ನೇನು ಬೇಕು? ಮುಂದಿನದನ್ನು ನಾನೇ ಬರೆದು ಮುಗಿಸಬಲ್ಲವನಾಗಿದ್ದೆ. ಓಬಣ್ಣ ಅವತ್ತು ಬೆಲ್ಟು ಬಿಟ್ಟ. ಓಬಣ್ಣ ಅವತ್ತು ನನ್ನನ್ನು ಬಿಟ್ಟು ಓಡಿದ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಅದೇ ಸಾಲು, ಕನ್ನಡಿ ನೋಡಿದರೆ ಅದೇ ಸಾಲು. ಹೊನ್ನೂರಮ್ಮ ಓದುತ್ತಾಳೆ, ಅಕ್ಕಪಕ್ಕದವರು ಬಂದು ಓದುತ್ತಾರೆ, ಹಬ್ಬಕ್ಕೆ ಬಂದ ನೆಂಟರು ಓದುತ್ತಾರೆ, ನಾನು ಸತ್ತ ಮೇಲೂ ಅದು ಅಲ್ಲೇ ಇರುತ್ತದೆ. ಅವಳ ಮನೆಗೆ ಹೋಗುವುದನ್ನು ನಿಲ್ಲಿಸಿದೆ. ಸೊಂಟ ಹಿಡಿದಿದೆ ಎಂದು ಹೇಳಿ ಕಳಿಸಿದೆ.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಸ್ಟೇಷನ್ನಿನ ಗೇಟಿನಲ್ಲಿ ಹೊನ್ನೂರಮ್ಮ ಕಾಣಿಸಿಕೊಂಡಳು. ಚಪ್ಪಲಿ ಇಲ್ಲ, ಸೆರಗು ನೆಲಕ್ಕೆ ಎಳೆಯುತ್ತಿದೆ, ಓಡಿ ಬಂದು ಏದುಸಿರು. ನನ್ನ ಕಡೆ ಕೈ ಚಾಚಿ ‘ಓಬಣ್ಣಾ’ ಎಂದಳು. ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ. ಅಷ್ಟರಲ್ಲಿ ಮೇಲೆ ಕಾವಲಿದ್ದವನು ಗಂಟೆ ಬಾರಿಸಿ, ‘ಹೊನ್ನೂರಮ್ಮನ ಬೀದಿ, ಹೊಗೆ!’ ಎಂದು ಕೂಗಿದ. ಅದನ್ನೇ ಹೇಳಲು ಬಂದಿದ್ದಾಳೆ ಎಂದು ನಾನು ತಿಳಿದೆ. ಎಲ್ಲರೂ ಹಾಗೇ ತಿಳಿದೆವು. ಅವಳನ್ನೂ ಹತ್ತಿಸಿಕೊಂಡು ಎರಡು ಗಾಡಿಯಲ್ಲೂ ಹೊರಟೆವು.

ಒಲೆಯ ಮೇಲೆ ಕಾಯಲಿಟ್ಟ ಎಣ್ಣೆ ಹೊತ್ತಿಕೊಂಡಿತ್ತು. ಅಡುಗೆಮನೆಯ ಗೂಡು, ಪರದೆ, ಮಾಡಿನ ಎರಡು ತೊಲೆ ಉರಿಯುತ್ತಿದ್ದವು. ಅಡುಗೆಮನೆಗೂ ನಡುಮನೆಗೂ ನಡುವೆ ಬಾಗಿಲಿಲ್ಲ, ಒಂದು ಕಮಾನು ಮಾತ್ರ. ‘ಓಬಣ್ಣ, ನೀವು ಗನ್ ತಗೊಂಡು ಮುಂದಿಂದ ಬನ್ನಿ, ನಾನು ಹಿಂದಿಂದ ಹೋಗಿ ಸಿಲಿಂಡರ್ ತೆಗೀತೀನಿ’ ಎಂದು ನಸೀಮಾ ಮೇಡಂ ಹಿತ್ತಲಿಗೆ ಓಡಿದರು. ನಾನು ನಡುಮನೆಯಲ್ಲಿ ನಿಂತು ಕಮಾನಿನೊಳಕ್ಕೆ ಗನ್ನು ಒತ್ತಿದೆ. ಮಂಜು ತುಂಬಿತು. ಬೆಂಕಿ ಒಂದು ಸಲ ತಲೆಯೆತ್ತಿ ನೋಡಿತು, ಆಮೇಲೆ ಕೂತಿತು. ಇನ್ನೊಮ್ಮೆ ಒತ್ತಿದೆ, ತೊಲೆಗಳೂ ತಣ್ಣಗಾದವು. ಎರಡು ಮೂರು ನಿಮಿಷದ ಕೆಲಸ. ಹಿತ್ತಲಿನಿಂದ ಮೇಡಂ ‘ಸಿಲಿಂಡರ್ ಆಚೆ ತಂದೆ’ ಎಂದು ಕೂಗಿದ್ದು ಕೇಳಿಸಿತು. ಮುಗಿದಿತ್ತು. ಯಾರಿಗೂ ಏನೂ ಆಗಿರಲಿಲ್ಲ.

ನನ್ನ ಎಡಕ್ಕೆ ಆ ಗೋಡೆ ಇತ್ತು. ಮಂಜಿನಲ್ಲಿ, ಕಣ್ಣಂಚಿನಲ್ಲಿ ಕಂಡಿತು. ಎರಡು ಪದವಲ್ಲ, ಉದ್ದಕ್ಕೆ ಒಂದು ಸಾಲು. ಪೂರ್ತಿಯಾಗಿತ್ತು. ನಾನು ಮುಖ ತಿರುಗಿಸಿ ಓದಲಿಲ್ಲ. ಗನ್ನನ್ನು ನೆಲಕ್ಕೆ ಎಸೆದು ಹೊರಗೆ ಓಡಿ, ‘ಗನ್ನು ಕೈಕೊಡ್ತು, ಮಲ್ಲೇಶಿ, ದೊಡ್ಡ ಪೈಪು ಬಿಡು, ಬಿಡೋ ಬೇಗ!’ ಎಂದು ಕಿರುಚಿದೆ. ಅವನು ಬಿಟ್ಟ. ಹಳೇ ಪೈಪನ್ನು ಎಳೆದುಕೊಂಡು ಒಳಗೆ ಹೋಗಿ, ಆರಿದ ಬೆಂಕಿಯ ಕಡೆ ಬೆನ್ನು ಹಾಕಿ, ಆ ಗೋಡೆಗೆ ಹೊಡೆದೆ. ಕಣ್ಣು ಮುಚ್ಚಿಕೊಂಡೇ ಹೊಡೆದೆ. ಹತ್ತೊಂಬತ್ತು ವರ್ಷ ಊರವರ ಗೋಡೆಗಳನ್ನು ಬೆಂಕಿಯಲ್ಲಿ ನಿಂತು ಓದಿದವನ ಒಂದೇ ಒಂದು ಸಾಲನ್ನು ನಾನು ಓದಲೂ ಇಲ್ಲ. ಕಣ್ಣು ತೆಗೆದಾಗ ನನ್ನ ಬೂಟಿನ ಮೇಲಿಂದ ಕಪ್ಪು ನೀರು ಹರಿದು ಹೊಸ್ತಿಲ ಕಡೆ ಹೋಗುತ್ತಿತ್ತು.

ಹೊರಗೆ ಬೀದಿಯ ಹೆಂಗಸರೆಲ್ಲ ಎದೆ ಬಡಿದುಕೊಂಡರು. ಹೊನ್ನೂರಮ್ಮ ಅಳಲಿಲ್ಲ. ಬಗ್ಗಿ ನೀರು ಮುಟ್ಟಲೂ ಇಲ್ಲ. ಬಾಗಿಲ ಪಕ್ಕದ ಕಿಟಕಿಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು. ನಸೀಮಾ ಮೇಡಂ ಒಳಗಿನಿಂದ ಗನ್ನು ಎತ್ತಿಕೊಂಡು ಬಂದು ಅಂಗಳದಲ್ಲಿ ಒತ್ತಿ ನೋಡಿದರು. ಸುಯ್ ಎಂದಿತು. ‘ಚೆನ್ನಾಗೇ ಇದೆಯಲ್ಲ ಓಬಣ್ಣ?’ ಎಂದರು. ‘ಈಗ ಚೆನ್ನಾಗೈತೆ ಮೇಡಂ, ಆಗ ಕಟ್ಕೊಂತು. ಬೆಂಕಿ ನಿಮ್ಮನ್ನ ಕೇಳ್ಕಂಡು ಕಾಯ್ತದಾ?’ ಎಂದು ಜೋರು ಮಾಡಿದೆ. ತಪ್ಪು ಮಾಡಿದವನ ಗಂಟಲು ದೊಡ್ಡದಾಗುತ್ತದೆ, ನನ್ನದೂ ಆಯಿತು. ಜನ ನನ್ನ ಕಡೆಗೇ ನಿಂತರು. ಅಯ್ಯೋ ಪಾಪ, ಜೋಡಿಯ ಮಾತನ್ನು ತನ್ನ ಕೈಯಾರೆ ತೊಳೆಯಬೇಕಾಯಿತಲ್ಲ ಎಂದು ಮರುಗಿದರು. ಆ ವಾರವೆಲ್ಲ ನನ್ನ ಮನೆಗೆ ಒಬ್ಬರಾದ ಮೇಲೆ ಒಬ್ಬರು ಬುತ್ತಿ ತಂದುಕೊಟ್ಟರು. ನಾನು ಅದನ್ನು ಉಂಡೆ. ಹೌದು, ಉಂಡೆ.

ಊರಿನ ಹಿರಿಯರು ಸೇರಿ ಹೊಸ ಗಾಡಿಯ ಮೇಲೆ ಅರ್ಜಿ ಬರೆದರು, ಕೈಕೊಡುವ ಯಂತ್ರ ನಮಗೆ ಬೇಡ ಎಂದು. ವಿಚಾರಣೆ ಮುಗಿಯುವ ತನಕ ಗಾಡಿಯನ್ನು ಶೆಡ್ಡಿಗೆ ಹಾಕಿ ಬೀಗ ಜಡಿಯಲು ಮೇಲಿನಿಂದ ಆದೇಶ ಬಂತು. ನಸೀಮಾ ಮೇಡಂ ಎರಡು ದಿನ ಆ ಪಂಪನ್ನು ಬಿಚ್ಚಿ ತುಂಡು ತುಂಡು ಪರೀಕ್ಷೆ ಮಾಡಿದರು. ತೂತಿನಲ್ಲಿ ಕಸವೇನಾದರೂ ಸಿಕ್ಕಿತ್ತೇನೋ ಎಂದು ಭೂತಗನ್ನಡಿ ಇಟ್ಟು ನೋಡಿದರು. ‘ನಂದೇ ಎಲ್ಲೋ ತಪ್ಪಾಗಿದೆ ಓಬಣ್ಣ, ಸಿಗ್ತಾ ಇಲ್ಲ’ ಎಂದರು. ಆ ಹೆಣ್ಣುಮಗಳು ಊಟ ಬಿಟ್ಟು ತನ್ನ ತಪ್ಪು ಹುಡುಕುತ್ತಿದ್ದಳು, ತಪ್ಪು ಅವಳ ಎದುರಿಗೇ ನಿಂತು ಸ್ಪ್ಯಾನರ್ ಎತ್ತಿಕೊಡುತ್ತಿತ್ತು.

ಹದಿನೆಂಟನೆಯ ದಿನ ಟೈಲರ್ ಪೀರಪ್ಪನ ಮನೆಗೆ ಬೆಂಕಿ ಬಿತ್ತು. ಹೊಸ ಗಾಡಿಗೆ ಬೀಗ. ಹಳೇ ಪೈಪಿನಲ್ಲಿ ನಾನೇ ಹೊಡೆದೆ. ಅವನ ತಾಯಿ ಬರೆದಿದ್ದ ಸಾಲು ನನಗೂ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು: ‘ಕಣ್ಣು ಕೆಡಿಸ್ಕಬ್ಯಾಡ, ದೀಪ ಆರ್ಸಿ ಮಲಿಕ್ಕ ಮಗಾ.’ ಇಪ್ಪತ್ತು ವರ್ಷ ಅದರ ಕೆಳಗೇ ಮಿಷನ್ನು ಹಾಕಿಕೊಂಡು ಹೊಲಿಯುತ್ತಿದ್ದ. ಬೆಂಕಿ ಆರಿದ ಮೇಲೆ ಅವನು ಬಂದು ನನ್ನ ಮುಂದೆ ನಿಂತ, ಬೈಯಲಿಲ್ಲ. ‘ಆ ಮಂಜಿನ ಗಾಡಿ ಇದ್ದಿದ್ರೆ ಉಳೀತಿತ್ತೇನಣ್ಣ?’ ಎಂದು ಕೇಳಿದ. ‘ಅದ್ನ ನಂಬೋ ಹಂಗಿಲ್ಲ ಪೀರಪ್ಪ, ಕೈಕೊಡ್ತದೆ’ ಎಂದೆ. ‘ಹಂಗಾದ್ರೆ ಬಿಡು’ ಎಂದು ಸಮಾಧಾನ ಮಾಡಿಕೊಂಡು, ಒದ್ದೆ ಗೋಡೆಗೆ ಬೆನ್ನು ಕೊಟ್ಟು ಕೂತ. ಅವನು ಜಗಳ ಆಡಿದ್ದರೆ ನಾನು ಇನ್ನೂ ನಾಲ್ಕು ದಿನ ತಳ್ಳುತ್ತಿದ್ದೆನೇನೋ. ಅವನು ನಂಬಿದ.

ಮಾರನೆಯ ದಿನ ನಸೀಮಾ ಮೇಡಂ ಟೇಬಲ್ಲಿನ ಮುಂದೆ ನಿಂತು ಎಲ್ಲ ಹೇಳಿದೆ. ಗನ್ನು ಕೆಟ್ಟಿರಲಿಲ್ಲ, ಬೆಂಕಿ ಆರಿತ್ತು, ಬೇಕೆಂದೇ ತೊಳೆದೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ‘ಯಾಕೆ?’ ಎಂದರು. ಅದಕ್ಕೆ ಹಾಸಿಗೆಯವರ ಮನೆಯಿಂದ ಶುರುಮಾಡಬೇಕಿತ್ತು. ಬೆಲ್ಟಿನ ಮಾತು ಬಂದ ಕೂಡಲೇ ಅವರು ಕೈ ಎತ್ತಿ ತಡೆದರು. ‘ಇದನ್ನ ಮೊದಲು ನನಗೆ ಹೇಳ್ಬೇಡಿ. ಮೊದಲು ಕೇಳಬೇಕಾದವರು ಬೇರೆ ಇದ್ದಾರೆ. ಹೋಗಿ.’

ಹೊನ್ನೂರಮ್ಮ ಅದೇ ಮಣೆಯ ಮೇಲೆ, ಅದೇ ಗೋಡೆಯ ಎದುರು ಕೂತಿದ್ದಳು. ಗೋಡೆ ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ‘ಬಾ’ ಎಂದಳು, ಅಣ್ಣ ಎನ್ನಲಿಲ್ಲ. ನಾನು ನೆಲದ ಮೇಲೆ ಕೂತೆ. ‘ತಂಗೀ, ಅವತ್ತು ತಿಪ್ಪೇಶಿ ಬಿಡಿಸ್ಕಣ್ಲಿಲ್ಲ. ನಾನೇ ಬಿಟ್ಟೆ. ಹೆದ್ರಿ ಓಡಿ ಬಂದೆ. ಅವ್ನು ನನ್ನ ಕರೆದ, ನಾನು ತಿರುಗಿ ನೋಡ್ಲಿಲ್ಲ’ ಎಂದೆ. ಆಮೇಲೆ ಗೋಡೆಯದನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

‘ಗೊತ್ತು’ ಎಂದಳು. ‘ಎರ್ಡೂ ಗೊತ್ತು. ಬೆಂಕಿ ಆರಿದ್ದನ್ನ ಕಿಟಕೀಲಿ ನಿಂತು ನೋಡ್ದೆ. ನೀನು ಗನ್ನು ಬಿಸಾಕಿದ್ದನ್ನೂ ನೋಡ್ದೆ. ಹತ್ತೊಂಬತ್ತು ದಿನ ಆಯ್ತು. ದಿನಾ ಬಾಗ್ಲು ತೆಗ್ದು ಇವತ್ತು ಬರ್ತಾನೆ, ಇವತ್ತು ಬಂದು ಹೇಳ್ತಾನೆ ಅಂತ ಕೂತಿದ್ದೆ. ನಿನ್ ಬಾಯಿಂದ್ಲೇ ಬರ್ಲಿ ಅಂತ ಯಾರಿಗೂ ಹೇಳ್ಲಿಲ್ಲ. ನಾನು ಸುಮ್ಕಿದ್ದಿದ್ಕೆ ಪೀರಪ್ಪನ್ ಗೋಡೇನೂ ಹೋಯ್ತು. ಅದು ನನ್ ತಲೆ ಮ್ಯಾಲೆ.’

‘ಬೆಲ್ಟಿನ್ ವಿಷ್ಯ ಹೆಂಗ್ ಗೊತ್ತಾಯ್ತು?’ ಎಂದೆ. ಕೇಳುವಾಗಲೇ ನನಗೆ ಉತ್ತರ ಹೊಳೆಯಿತು.

‘ಓದ್ದೆನಲ್ಲ’ ಎಂದಳು. ‘ಅವತ್ತು ಬೆಳಿಗ್ಗೆ ಒಗ್ಗರಣೆಗೆ ಎಣ್ಣೆ ಇಟ್ಟು ತಿರುಗ್ತೀನಿ, ಸಾಲು ಪೂರ್ತಿ ಆಗೈತೆ. ಓದ್ದೆ. ಎರ್ಡು ಸಲ ಓದ್ದೆ. ಇದ್ನ ಓಬಣ್ಣಂಗೆ ಈಗ್ಲೇ ಹೇಳ್ಬೇಕು ಅಂತ ಒಲೆ ಮ್ಯಾಲಿನ ಎಣ್ಣೆ ಮರ್ತು ಹಂಗೇ ಎದ್ದು ಓಡ್ದೆ. ಬೆಂಕಿ ಬಿದ್ದದ್ದು ಆಮ್ಯಾಲೆ. ನಾನು ಗೇಟಿಗೆ ಬಂದಿದ್ದು ಬೆಂಕಿ ಹೇಳಕ್ಕಲ್ಲ.’

ನಾನು ಎರಡೂ ಕೈ ನೆಲಕ್ಕೂರಿದೆ. ‘ಏನ್ ಬರ್ದಿದ್ದ ತಂಗೀ?’

ಅವಳು ಗೋಡೆಯ ಕಡೆ ತಿರುಗಿದಳು. ‘ಹೇಳಕ್ಕಿಲ್ಲ’ ಎಂದಳು. ‘ಸಿಟ್ಟಿಗಲ್ಲ. ಸಿಟ್ಟೂ ಐತೆ, ಇಲ್ಲ ಅನ್ನಲ್ಲ. ಅವ್ನು ಒಂದೇ ಸಾಲು ಬರ್ಯೋಕೆ ಇದ್ದದ್ದು, ಅದ್ನ ನಂಗ್ ಬರೀಲಿಲ್ಲ, ನಿಂಗ್ ಬರ್ದ. ನೀನು ಅದ್ನ ನೋಡ್ದೇನೇ ತೊಳ್ದೆ. ಈಗ ನನ್ ಹತ್ರ ಉಳ್ದಿರೋದು ಅದೊಂದೇ, ಅದ್ನೂ ನಿಂಗೇ ಕೊಟ್ಬಿಡ್ಲಾ?’ ಎಂದು ಎದ್ದು ನಿಂತಳು. ಬಾಗಿಲ ತನಕ ಬಂದಳು. ನಾನು ಅಂಗಳಕ್ಕೆ ಇಳಿದ ಮೇಲೆ ಹಿಂದಿನಿಂದ, ‘ಒಂದ್ ಮಾತು ಯೋಚ್ನೆ ಮಾಡು ಓಬಣ್ಣ’ ಎಂದಳು. ‘ಅವ್ನು ನಿನ್ನ ಬೈದು ಬರ್ದಿದ್ರೆ, ನಾನು ಚಪ್ಲೀನೂ ಹಾಕ್ಕಳ್ದೆ ನಿನ್ ಹತ್ರ ಹಂಗೆ ಓಡ್ಬರ್ತಿದ್ನಾ?’

ಆ ಸಂಜೆಯೇ ಸ್ಟೇಷನ್ನಿನ ಅಂಗಳದಲ್ಲಿ ಊರು ಸೇರಿತು. ನಾನು ಸಮವಸ್ತ್ರದ ಬೆಲ್ಟು ಬಿಚ್ಚಿ ನಸೀಮಾ ಮೇಡಂ ಕೈಗೆ ಕೊಟ್ಟು, ಎಲ್ಲರ ಎದುರು ನಿಂತು ಮೊದಲಿನಿಂದ ಹೇಳಿದೆ. ಹತ್ತಿ ಮನೆ, ವರದಿ, ಗನ್ನು, ಪೈಪು, ಪೀರಪ್ಪನಿಗೆ ಹೇಳಿದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಮಲ್ಲೇಶಿ ನೆಲಕ್ಕೆ ಉಗಿದು ಎದ್ದುಹೋದ. ಶೆಡ್ಡಿನ ಬೀಗ ತೆಗೆಯಿರಿ ಎಂದು ಯಾರೋ ಕೂಗಿದರು, ಅಲ್ಲೇ ತೆಗೆದರು. ನನಗೆ ನಾಲ್ಕು ಏಟು ಬೀಳುತ್ತವೆ ಎಂದುಕೊಂಡಿದ್ದೆ, ಬಿದ್ದಿದ್ದರೆ ಚೆನ್ನಾಗಿತ್ತು. ಯಾರೂ ಮೈ ಮುಟ್ಟಲಿಲ್ಲ. ಪೀರಪ್ಪ ಎದ್ದು ನಿಂತ. ಬೈಯುತ್ತಾನೆ ಎಂದು ತಲೆ ತಗ್ಗಿಸಿದೆ. ನಮ್ಮೂರಿನವನು ಮೊದಲು ಏನು ಕೇಳುತ್ತಾನೋ ಅವನೂ ಅದನ್ನೇ ಕೇಳಿದ.

‘ತಿಪ್ಪೇಶಪ್ಪ ಏನ್ ಬರ್ದಿದ್ರು?’

ಅಂಗಳವೆಲ್ಲ ನನ್ನ ಬಾಯಿ ನೋಡಿತು. ಹೊನ್ನೂರಮ್ಮ ಹೆಂಗಸರ ನಡುವೆ ಕೂತಿದ್ದಳು, ಅವಳು ಮಾತ್ರ ನನ್ನನ್ನು ನೋಡಲಿಲ್ಲ.

‘ಓದ್ಲಿಲ್ಲ’ ಎಂದೆ.